ಅಳಿಯುವುದು, ಅಳಿಸುವುದು

ಇಂಗ್ಲಿಷಿನ ಒಂದು ಪುಟ್ಟ ವಾಕ್ಯ ನನ್ನನ್ನು ಎರಡು ದಿನ ಹಿಡಿದು ಕೂರಿಸಿತ್ತು: ‘ದಿ ಆಬ್ಜೆಕ್ಟ್ ಈಸ್ ಡಿಸ್ಟ್ರಾಯ್ಡ್’. ಡಿಪ್ಲೊಮಾ ಓದುವ ಮಕ್ಕಳಿಗಾಗಿ ಸಿ ಪ್ಲಸ್ ಪ್ಲಸ್ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೆ. ‘ಆಬ್ಜೆಕ್ಟನ್ನು ಅಳಿಸಲಾಗುತ್ತದೆ’ ಎಂದರೆ ವ್ಯಾಕರಣವೇನೋ ಸರಿ. ಆದರೆ ಅಳಿಸುವವರು ಯಾರು? ಕಂಪೈಲರೋ, ಕೋಡ್ ಬರೆಯುತ್ತಿರುವ ಹುಡುಗಿಯೋ?

ಕನ್ನಡದಲ್ಲಿ ಇದಕ್ಕೆ ಎರಡು ಕ್ರಿಯಾಪದಗಳಿವೆ. ‘ಅಳಿ’ ಎಂದರೆ ತಾನಾಗಿಯೇ ಇಲ್ಲವಾಗುವುದು. ‘ಇಸು’ ಸೇರಿ ‘ಅಳಿಸು’ ಆಯಿತೆಂದರೆ ಆ ಕೆಲಸವನ್ನು ಯಾರೋ ಮಾಡಬೇಕು. ಕೆಡು–ಕೆಡಿಸು, ಉಳಿ–ಉಳಿಸು ಕೂಡ ಇದೇ ಜಾಡಿನವು. ಎಂ.ಎ. ಓದುವಾಗ ಇದು ಪರೀಕ್ಷೆಗೆ ಬರುವ ಪ್ರತ್ಯಯವಾಗಿತ್ತು. ಈ ಪಾಠದಲ್ಲಿ ಇಡೀ ವಿಷಯವೇ ಅದರ ಮೇಲೆ ನಿಂತಿದೆ.

1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರಪ್ ಶುರುಮಾಡಿದ ಕೆಲಸವೇ ಮುಂದೆ ಸಿ ಪ್ಲಸ್ ಪ್ಲಸ್ ಆಯಿತು. ಅದರಲ್ಲಿ ಆಬ್ಜೆಕ್ಟನ್ನು ಕಟ್ಟಲು ಕನ್‌ಸ್ಟ್ರಕ್ಟರ್, ಕೊನೆಯಲ್ಲಿ ಲೆಕ್ಕ ಚುಕ್ತಾ ಮಾಡಲು ಡಿಸ್ಟ್ರಕ್ಟರ್. ತೆರೆದ ಫೈಲ್ ಮುಚ್ಚುವುದು, ಹಿಡಿದ ಲಾಕ್ ಬಿಡುವುದು ಇದರ ಕೆಲಸ. ಫಂಕ್ಷನ್ನಿನೊಳಗೆ ಹುಟ್ಟಿದ ಸಾಧಾರಣ ಆಬ್ಜೆಕ್ಟುಗಳಿಗೆ, ಮುಚ್ಚುವ ಆವರಣ ಚಿಹ್ನೆ ಬಂದೊಡನೆ ಡಿಸ್ಟ್ರಕ್ಟರ್ ತಾನಾಗಿಯೇ ಓಡುತ್ತದೆ. ಕೊನೆಗೆ ಹುಟ್ಟಿದ್ದು ಮೊದಲು ಹೋಗುತ್ತದೆ. ಇಲ್ಲಿ ‘ಅಳಿಯುತ್ತದೆ’ ಎಂದರೆ ಸಾಕು.

ಈ ಏರ್ಪಾಡನ್ನು ಬಿಟ್ಟು ಕಟ್ಟುವುದನ್ನೂ ಕೆಡವುವುದನ್ನೂ ನಾವೇ ಕೈಗೆತ್ತಿಕೊಳ್ಳುವ ಸಂದರ್ಭಗಳಿವೆ. ನಾನಿರುವ ಉಪ್ಪಲ್‌ನಲ್ಲಿ ವರಂಗಲ್ ಕಡೆಯ ಬಸ್ಸು ನಿಂತರೆ ಮೊದಲು ಕಿಟಕಿಯಿಂದ ಕರ್ಚೀಫು ಒಳಗೆ ಬೀಳುತ್ತದೆ. ಸೀಟು ಹಿಡಿದಾಯಿತು, ಕೂತವರು ಇನ್ನೂ ಯಾರೂ ಇಲ್ಲ. ಮೆಮೊರಿಯಲ್ಲೂ ಜಾಗ ಬೇರೆ, ಅಲ್ಲಿ ಇರುವ ಆಬ್ಜೆಕ್ಟ್ ಬೇರೆ. ವೆಕ್ಟರಿಗೆ ನೂರು ಆಬ್ಜೆಕ್ಟುಗಳ ಜಾಗ ಕಾದಿರಿಸು ಎಂದರೆ ಅದು ಜಾಗವನ್ನಷ್ಟೇ ಹಿಡಿಯುತ್ತದೆ. ಆಮೇಲೆ ಬೇಕಾದಂತೆ ಒಂದೊಂದನ್ನೇ ಅಲ್ಲಿ ಕಟ್ಟುತ್ತದೆ. ಹೀಗೆ ಹಿಡಿದಿಟ್ಟ ಜಾಗದಲ್ಲಿ ಕಟ್ಟುವ ವಿಧಾನಕ್ಕೆ ‘ಪ್ಲೇಸ್‌ಮೆಂಟ್ ನ್ಯೂ’ ಎಂದು ಹೆಸರು. ಕೊನೆಯದನ್ನು ತೆಗೆದರೆ ಅದರ ಡಿಸ್ಟ್ರಕ್ಟರನ್ನು ಮಾತ್ರ ಕರೆಯುತ್ತದೆ, ಜಾಗವನ್ನು ಬಿಟ್ಟುಕೊಡುವುದಿಲ್ಲ. ಪ್ರಯಾಣಿಕ ಇಳಿದ, ಸೀಟು ಬಸ್ಸಿನಲ್ಲೇ ಇದೆ. ಇನ್ನೂ ಬಾರದ ನೂರನ್ನು ಮೊದಲೇ ಕಟ್ಟಿಡುವ ಖರ್ಚು ಇದರಿಂದ ಉಳಿಯುತ್ತದೆ.

ವೆಕ್ಟರ್ ಒಳಗೊಳಗೇ ಮಾಡುವ ಈ ಕೆಲಸವನ್ನು ನಾವೇ ಮಾಡಹೊರಟರೆ ಹೊಣೆಯೂ ನಮ್ಮದೇ. ಅಳಿಸಲು ಮರೆತರೆ ಫೈಲ್ ತೆರೆದೇ ಇರುತ್ತದೆ. ಎರಡು ಸಲ ಅಳಿಸಿದರೆ ಪ್ರೋಗ್ರಾಂ ಏನು ಮಾಡೀತೆಂದು ಭಾಷೆ ಭರವಸೆ ಕೊಡುವುದಿಲ್ಲ. ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಮುಟ್ಟುವುದು ಇನ್ನೂ ಅಪಾಯ. ಆ ಸೀಟಿನಲ್ಲಿ ಈಗ ಬೇರೆ ಯಾರೋ ಕೂತಿರಬಹುದು. ಕ್ರೋಮ್ ಬ್ರೌಸರಿನ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು 70 ಶೇಕಡಾ ಮೆಮೊರಿಯ ತಪ್ಪು ಬಳಕೆಯಿಂದ ಬಂದವು, ಅವುಗಳಲ್ಲಿ ಅರ್ಧದಷ್ಟು ಈ ಕೊನೆಯ ಬಗೆಯವು ಎಂದು 2020ರಲ್ಲಿ ಕ್ರೋಮಿಯಂ ತಂಡವೇ ಹೇಳಿತ್ತು.

2015ರಲ್ಲಿ 1.0 ಆವೃತ್ತಿ ಕಂಡ ರಸ್ಟ್ ಭಾಷೆ ಈ ಹೊಣೆಯ ಬಹುಪಾಲನ್ನು ಕಂಪೈಲರಿಗೆ ವಹಿಸಿತು. ಅಲ್ಲೂ ಕೈಯಾರೆ ಮಾಡುವ ದಾರಿ ಇದೆ. ಆದರೆ ಅದರ ಹೆಸರೇ ‘ಮ್ಯಾನುಯಲಿಡ್ರಾಪ್’. ಅದರಲ್ಲಿಟ್ಟದ್ದನ್ನು ಅಲ್ಲೇ ಅಳಿಸಬೇಕಾದರೆ ‘ಅನ್‌ಸೇಫ್’ ಎಂದು ಬರೆದು, ಹೊಣೆ ನನ್ನದು ಎಂದು ರುಜು ಹಾಕಿದ ಹಾಗೆ ಮುಂದುವರಿಯಬೇಕು.

ಪಾಠ ಬರೆಸುತ್ತಿದ್ದವರಿಗೆ ಎಲ್ಲ ಕಡೆ ಒಂದೇ ಪದ ಬೇಕಿತ್ತು. ಡಿಸ್ಟ್ರಕ್ಟರಿಗೆ ‘ನಾಶಕ’, ಕ್ರಿಯೆಗೆ ‘ನಾಶಪಡಿಸಲಾಗುತ್ತದೆ’. ನಾಶಕ ಎಂದರೆ ನನಗೆ ಕೀಟನಾಶಕದ ಡಬ್ಬಿಯೇ ಕಣ್ಣಮುಂದೆ ಬರುತ್ತದೆ. ಅದು ಹೋಗಲಿ ಎಂದು ಬಿಟ್ಟೆ. ಪದ ಬಳಸುತ್ತಾ ಬಳಸುತ್ತಾ ಪಳಗುತ್ತದೆ. ‘ಲಾಗುತ್ತದೆ’ಯನ್ನು ಮಾತ್ರ ಒಪ್ಪಲಾಗಲಿಲ್ಲ. ಸರ್ಕಾರಿ ಸುತ್ತೋಲೆಯಲ್ಲಿ ‘ಕ್ರಮ ಕೈಗೊಳ್ಳಲಾಗುವುದು’ ಎಂದು ಓದಿ, ಕೈಗೊಳ್ಳುವವರು ಯಾರೆಂದು ತಿಳಿಯದೆ ಕೂತವರು ನಾವು. ಅದೇ ವಾಕ್ಯ ಪಾಠಕ್ಕೆ ಬಂದರೆ ಓದುವ ಹುಡುಗಿ ಆ ಕೆಲಸ ಕಂಪೈಲರಿನದು ಎಂದುಕೊಳ್ಳುತ್ತಾಳೆ. ಬಹಳಷ್ಟು ಸಲ ಅದು ನಿಜವೂ ಹೌದು. ನಿಜವಲ್ಲದ ಕಡೆ ಫೈಲ್ ತೆರೆದೇ ಉಳಿಯುತ್ತದೆ, ತಪ್ಪು ಎಲ್ಲಿದೆಯೆಂದು ಹುಡುಕಲು ಅವಳ ಬಳಿ ಸುಳಿವಿರುವುದಿಲ್ಲ.

ನಾಲ್ಕು ಇಮೇಲುಗಳ ನಂತರ ಶೀರ್ಷಿಕೆಯಲ್ಲಿ ನಾಶಕ ಉಳಿಯಿತು, ಒಳಗಿನ ವಾಕ್ಯಗಳು ನನ್ನ ಪಾಲಿಗೆ ಬಂದವು. ಒಂದು ಕಡೆ ‘ಆವರಣ ಮುಗಿದಾಗ ಆಬ್ಜೆಕ್ಟ್ ತಾನಾಗಿ ಅಳಿಯುತ್ತದೆ’ ಎಂದಿದೆ. ಇನ್ನೊಂದು ಕಡೆ ‘ಇದನ್ನು ನೀವೇ ಅಳಿಸಬೇಕು, ಒಂದೇ ಸಲ’ ಎಂದಿದೆ. ಪಾಠ ಒಂದೂವರೆ ಪುಟ ಉದ್ದವಾಯಿತು. ಆ ಹೆಚ್ಚಿನ ಪುಟಕ್ಕೆ ದುಡ್ಡು ಕೇಳಲಿಲ್ಲ.