ಠಾಕುರ್ಲಿಯ ಫಟಫಟಿಗಳು

ಮುಂಬಯಿಯಿಂದ ಕಲ್ಯಾಣದ ಕಡೆಗೆ ವೇಗದ ಗಾಡಿಯಲ್ಲಿ ಹೊರಟವರಿಗೆ ಠಾಕುರ್ಲಿ ಎಂಬುದು ಡೊಂಬಿವಲಿ ದಾಟಿದ ಮೇಲೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹಿಂದೆ ಸರಿದು ಹೋಗುವ ಒಂದು ಫಲಕ ಮಾತ್ರ. ಇಲ್ಲಿ ಇಳಿಯಬೇಕಾದವರು ನಿಧಾನದ ಗಾಡಿಯನ್ನೇ ಹಿಡಿಯಬೇಕು. ಹಾಗೆಂದು ಊರು ಸಣ್ಣದೆಂದು ಭಾವಿಸಬೇಡಿ. ಥಾಣೆಯಿಂದ ಕಲ್ಯಾಣಕ್ಕೆ 1854ರಲ್ಲಿ ರೈಲು ಬಂದಾಗ ಹೊಲಗದ್ದೆಗಳ ನಡುವೆ ಇದ್ದ ಈ ನೆಲಕ್ಕೆ ಹೆಸರು ತಂದುಕೊಟ್ಟದ್ದು ರೈಲ್ವೆಯವರ ವಿದ್ಯುದಾಗಾರ. ವಿದ್ಯುತ್ತಿನಿಂದ ಗಾಡಿ ಓಡಿಸುವ ಸಲುವಾಗಿ 1920ರ ದಶಕದಲ್ಲಿ ಕಟ್ಟಿದ ಅದನ್ನು ಹಳಬರು ಇಂದಿಗೂ ‘ಚೋಳಾ ಪವರ್ ಹೌಸ್’ ಎನ್ನುತ್ತಾರೆ. ಅದರ ಕೆಲಸ ನಿಂತು ಬಹುಕಾಲವಾಯಿತು. ಚೋಳೆಗಾಂವ್, ಖಂಬಾಳಪಾಡಾ, ತೊಂಬತ್ತಡಿ ರಸ್ತೆ ಎಂದು ಊರು ಬೆಳೆಯುತ್ತಲೇ ಇದೆ. ಬಾಡಿಗೆ ಮುಂಬಯಿಯಷ್ಟು ಸುಡುವುದಿಲ್ಲವೆಂದು ನಮ್ಮ ಕನ್ನಡ ಸಂಸಾರಗಳೂ ಇಲ್ಲಿ ಬೀಡುಬಿಟ್ಟಿವೆ.

ಹೊಸ ಊರಿಗೆ ಹೋದಾಗ ದೇವಸ್ಥಾನ, ಪೇಟೆ, ಕೆರೆಗಳನ್ನು ನೋಡುವುದು ವಾಡಿಕೆ. ಠಾಕುರ್ಲಿಯಲ್ಲಿ ನೋಡಬೇಕಾದ ಇನ್ನೊಂದು ವಸ್ತುವುಂಟು: ನಿಲ್ದಾಣದ ಸುತ್ತ ಬೆಳಿಗ್ಗೆಯಿಂದ ರಾತ್ರಿಯವರೆಗೆ ಸಾಲಾಗಿ ನಿಂತಿರುವ ಮೋಟಾರ್ ಸೈಕಲ್ಲುಗಳು ಮತ್ತು ಸ್ಕೂಟರುಗಳು. ಉತ್ತರ ಕರ್ನಾಟಕದ ನಮ್ಮ ಹಿರಿಯರು ಬಾಯಿತುಂಬ ‘ಫಟಫಟಿ’ ಎನ್ನುತ್ತಿದ್ದ ವಾಹನ ಇದೇ. ಯಜಮಾನರು ಗಾಡಿ ಹಿಡಿದು ಕಚೇರಿಗೆ ಹೋದ ಮೇಲೆ ಅವು ಬಿಸಿಲಲ್ಲಿ ಒಣಗುತ್ತ, ಮಳೆಯಲ್ಲಿ ನೆನೆಯುತ್ತ ಕಾದಿರುತ್ತವೆ. ಹೆಚ್ಚಿನವುಗಳ ಫಲಕದಲ್ಲಿ ಕಲ್ಯಾಣ ಕಚೇರಿಯ ಎಂ.ಎಚ್. 05 ಇರುತ್ತದೆ. ನಡುನಡುವೆ ಉಡುಪಿಯ ಕೆ.ಎ. 20, ಬೆಳಗಾವಿಯ ಕೆ.ಎ. 22, ವಿಜಯಪುರದ ಕೆ.ಎ. 28 ಕಣ್ಣಿಗೆ ಬಿದ್ದರೆ ಊರಿನ ನೆಂಟರನ್ನು ಕಂಡಷ್ಟು ಹಿಗ್ಗಾಗುತ್ತದೆ.

ಎರಡು ಚಕ್ರದ ವಾಹನದ ಮಾತು ಬಂದರೆ ಕನ್ನಡಿಗರಿಗೆ ತುಸು ಅಭಿಮಾನ ಪಡುವ ಹಕ್ಕಿದೆ. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಅನಂತರ ಯೆಜ್ದಿ ಮೋಟಾರ್ ಸೈಕಲ್ಲುಗಳು ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತಾದರೂ ಅಲ್ಲಿ ತಯಾರಾದ ವಾಹನಗಳು ಇನ್ನೂ ರಸ್ತೆಯ ಮೇಲಿವೆ. ಕಿಕ್ಕರ್ ಆಗಿಯೂ ಗೇರಿನ ಸನ್ನೆಯಾಗಿಯೂ ಒಂದೇ ಕಡ್ಡಿ ಕೆಲಸ ಮಾಡುತ್ತಿದ್ದುದು ಎಲ್ಲರಿಗೂ ನೆನಪಿದೆ. ಅದಕ್ಕಿಂತ ಗಮನಿಸಬೇಕಾದದ್ದು ಅದರ ಚೈನು. ಅದು ಪೂರ್ತಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತಿತ್ತು. ಮಣ್ಣು ಮಳೆ ತಾಗದ ಚೈನು ಬೇಗ ಸವೆಯದು. ಬಾಳಿಕೆಯ ಗುಟ್ಟು ಇಂಜಿನ್ನಿನ ಗಾತ್ರದಲ್ಲಷ್ಟೇ ಇಲ್ಲ, ಇಂಥ ಸಣ್ಣ ಮರೆಗಳಲ್ಲಿಯೂ ಇದೆಯೆಂಬುದಕ್ಕೆ ಇದೊಂದು ಉದಾಹರಣೆ.

ಕೊಳ್ಳುವಾಗ ನಾವು ಕೇಳುವ ಪ್ರಶ್ನೆಗಳಾದರೂ ಯಾವುವು? ಲೀಟರಿಗೆ ಎಷ್ಟು ಓಡುತ್ತದೆ, ಇಂಜಿನ್ ಎಷ್ಟು ವರ್ಷ ಬರುತ್ತದೆ, ಮಾರಿದರೆ ಎಷ್ಟು ಸಿಗುತ್ತದೆ. ಆದರೆ ವರ್ಷಕ್ಕೊಮ್ಮೆ ವಾಹನಗಳನ್ನು ಪರೀಕ್ಷಿಸುವ ದೇಶಗಳ ಅನುಭವ ಬೇರೆಯೇ ಕಥೆ ಹೇಳುತ್ತದೆ. ಇಂಗ್ಲೆಂಡಿನಲ್ಲಿ 1960ರಲ್ಲಿ ಹತ್ತು ವರ್ಷ ದಾಟಿದ ವಾಹನಗಳಿಗೆ ಬ್ರೇಕು, ದೀಪ, ಸ್ಟಿಯರಿಂಗುಗಳ ಕಡ್ಡಾಯ ಪರೀಕ್ಷೆ ಆರಂಭವಾಯಿತು. ಈಗ ಮೋಟಾರ್ ಸೈಕಲ್ಲು ಮೂರು ವರ್ಷ ತುಂಬಿದೊಡನೆ ಪ್ರತಿವರ್ಷವೂ ಪರೀಕ್ಷೆಗೆ ನಿಲ್ಲಬೇಕು. ಅಲ್ಲಿ ಅನುತ್ತೀರ್ಣವಾಗುವ ಮೋಟಾರ್ ಸೈಕಲ್ಲುಗಳಲ್ಲಿ ಹೆಚ್ಚಾಗಿ ಕಾಣುವ ದೋಷ ದೀಪಗಳದ್ದು. ಜೊತೆಗೆ ಬ್ರೇಕು, ಟಯರು, ಸ್ಟಿಯರಿಂಗ್, ಸಸ್ಪೆನ್ಷನ್ನುಗಳ ದೋಷಗಳು. ನಾವು ಇಷ್ಟೊಂದು ಚರ್ಚಿಸುವ ಇಂಜಿನ್ನು ಆ ಪಟ್ಟಿಯ ಮುಂಭಾಗದಲ್ಲಿ ಇಲ್ಲವೇ ಇಲ್ಲ!

ನಮ್ಮ ದೇಶದಲ್ಲಿ ಬಾಡಿಗೆಯ ವಾಹನಗಳಿಗೆ ಯೋಗ್ಯತಾ ಪರೀಕ್ಷೆ ಆಗಾಗ ನಡೆಯುತ್ತದೆ. ಸ್ವಂತದ ಮೋಟಾರ್ ಸೈಕಲ್ಲಿಗೆ ಹಾಗಿಲ್ಲ. 1988ರ ಮೋಟಾರು ವಾಹನ ಕಾಯಿದೆಯಂತೆ ಅದರ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಸಾರಿಗೆ ಕಚೇರಿಯಲ್ಲಿ ವಾಹನ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ನಡುವೆ ಹೊಗೆ ತಪಾಸಣೆಯ ಚೀಟಿ, ಅಂದರೆ ಪಿ.ಯು.ಸಿ., ಬೇಕೇ ಬೇಕು. ಆದರೆ ಆ ಯಂತ್ರ ನೋಡುವುದು ಹೊಗೆಯನ್ನು ಮಾತ್ರ. ಬ್ರೇಕು ಇದೆಯೋ ಇಲ್ಲವೋ ಅದಕ್ಕೆ ತಿಳಿಯದು. ಹುಟ್ಟಿದ ಮಗು ಹತ್ತನೆಯ ತರಗತಿಗೆ ಬರುವವರೆಗೂ ಮನೆಯ ವಾಹನದ ಬ್ರೇಕನ್ನು ಸರಕಾರ ಕೇಳುವುದಿಲ್ಲವೆಂದಾಯಿತು. ಅಷ್ಟರವರೆಗೆ ಪರೀಕ್ಷಾಧಿಕಾರಿ ಯಾರು? ಮನೆಯವರೇ!

ಠಾಕುರ್ಲಿಯಂಥ ಊರಿನಲ್ಲಿ ಈ ಹೊಣೆ ಇನ್ನೂ ಹೆಚ್ಚು. ಇಲ್ಲಿನ ವಾಹನ ಓಡುವುದು ಕಡಿಮೆ, ನವೆಯುವುದು ಹೆಚ್ಚು. ಮನೆಯಿಂದ ನಿಲ್ದಾಣಕ್ಕೆ ಒಂದೆರಡು ಕಿಲೋಮೀಟರ್ ದಾರಿ. ಇಂಜಿನ್ ಬೆಚ್ಚಗಾಗುವಷ್ಟರಲ್ಲಿ ಪಯಣವೇ ಮುಗಿದಿರುತ್ತದೆ. ಪೆಟ್ರೋಲು ಉರಿದಾಗ ನೀರಾವಿಯೂ ಹುಟ್ಟುತ್ತದೆ. ಸೈಲೆನ್ಸರ್ ಚೆನ್ನಾಗಿ ಕಾದರೆ ಅದು ಹೊರಗೆ ಹೋಗುತ್ತದೆ, ಕಾಯದಿದ್ದರೆ ಒಳಗೇ ನೀರಾಗಿ ನಿಂತು ತುಕ್ಕು ಹಿಡಿಸುತ್ತದೆ. ಬೆಳಿಗ್ಗೆ ಸ್ವಿಚ್ಚು ಒತ್ತಿ ಇಂಜಿನ್ ಶುರುಮಾಡಲು ಬ್ಯಾಟರಿ ಕೊಟ್ಟ ಶಕ್ತಿ ಇಷ್ಟು ಸಣ್ಣ ಓಟದಲ್ಲಿ ಪೂರ್ತಿ ಹಿಂದಿರುಗುವುದಿಲ್ಲ. ದಿನಗಟ್ಟಲೆ ಬಿಸಿಲು ತಿಂದ ಟಯರಿನ ಬದಿಯಲ್ಲಿ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಮಳೆ ಕುಡಿದ ಕೇಬಲ್ಲುಗಳು ಬಿಗಿಯಾಗುತ್ತವೆ. ಮೀಟರು ನೋಡಿ “ಹೆಚ್ಚು ಓಡಿಯೇ ಇಲ್ಲ, ಹೊಸದರಂತಿದೆ” ಎನ್ನುವವರು ಇದನ್ನು ಮರೆಯಬಾರದು.

ಇನ್ನು ರಸ್ತೆ. ಠಾಕುರ್ಲಿಯಿಂದ ತೊಂಬತ್ತಡಿ ರಸ್ತೆ ಹಿಡಿದು ಕಲ್ಯಾಣಕ್ಕೆ ಹೋಗುವವರು ಪತ್ರಿಪೂಲ್ ದಾಟುತ್ತಾರೆ. ನೂರು ವರ್ಷ ಮೀರಿದ್ದ ಹಳೆಯ ಸೇತುವೆಯನ್ನು ಅಪಾಯಕಾರಿಯೆಂದು ಮುಚ್ಚಿ 2018ರ ನವೆಂಬರಿನಲ್ಲಿ ಕೆಡವಿದರು. ಹೊಸದು 2021ರ ಜನವರಿಯಲ್ಲಿ ತೆರೆಯಿತು. ಸೇತುವೆಗೂ ಪರೀಕ್ಷೆಯುಂಟು, ಅನುತ್ತೀರ್ಣತೆಯುಂಟು! ಅದೇ 2018ರ ಮಳೆಗಾಲದಲ್ಲಿ ಕಲ್ಯಾಣದ ರಸ್ತೆಗುಂಡಿಗಳಿಂದ ದ್ವಿಚಕ್ರದವರು ಜೀವ ಕಳೆದುಕೊಂಡದ್ದನ್ನು ಇಲ್ಲಿಯವರು ಮರೆತಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಗುಂಡಿ ಮುಚ್ಚುವ ಕೆಲಸ ನಗರಪಾಲಿಕೆಯದು, ಅದನ್ನು ಕೇಳುವ ಹಕ್ಕು ನಮ್ಮದು. ಆದರೆ ಗುಂಡಿ ಎದುರಾದ ಆ ಕ್ಷಣದಲ್ಲಿ ಹಿಂದೆ ಕುಳಿತ ತಾಯಿಯನ್ನೂ ನಡುವೆ ಕುಳಿತ ಮಗುವನ್ನೂ ಕಾಯುವವು ಎರಡು ಬ್ರೇಕು, ಎರಡು ಟಯರು.

ಆದುದರಿಂದ ಮನೆಯಲ್ಲಿಯೇ ಮಾಡಬಹುದಾದ ಹತ್ತು ನಿಮಿಷದ ಪರೀಕ್ಷೆಯನ್ನು ಇಲ್ಲಿ ಹೇಳುತ್ತೇನೆ. ಮುಸ್ಸಂಜೆಯಲ್ಲಿ ಗೋಡೆಗೆ ಬೆನ್ನುಮಾಡಿ ವಾಹನ ನಿಲ್ಲಿಸಿ, ಮೊದಲು ಕೈಬ್ರೇಕು, ಅನಂತರ ಕಾಲಬ್ರೇಕು ಬೇರೆಬೇರೆಯಾಗಿ ಒತ್ತಿರಿ. ಎರಡು ಸಲವೂ ಗೋಡೆಯ ಮೇಲೆ ಕೆಂಪು ಬೆಳಕು ಬೀಳಬೇಕು. ಎರಡಕ್ಕೂ ಬೇರೆಬೇರೆ ಸ್ವಿಚ್ಚುಗಳಿರುವುದರಿಂದ ಒಂದು ಕೆಟ್ಟು ಇನ್ನೊಂದು ಸರಿಯಿರುವುದುಂಟು. ಸವಾರನಿಗೆ ತನ್ನ ಬೆನ್ನ ಹಿಂದಿನ ದೀಪ ಕಾಣುವುದಿಲ್ಲ, ಆದ್ದರಿಂದಲೇ ದೀಪದ ದೋಷ ಎಲ್ಲಕ್ಕಿಂತ ಹೆಚ್ಚು. ಹಾರ್ನು, ತಿರುವಿನ ದೀಪಗಳನ್ನೂ ಒಮ್ಮೆ ನೋಡಿಬಿಡಿ. ಈ ಕೆಲಸವನ್ನು ಮಕ್ಕಳಿಗೆ ವಹಿಸಿದರೆ ಅವರಿಗೆ ಅದೇ ಆಟ.

ಬ್ರೇಕಿನ ಸನ್ನೆ ಹ್ಯಾಂಡಲಿಗೆ ತಾಗುವಷ್ಟು ಒಳಗೆ ಬರುತ್ತಿದ್ದರೆ ಗ್ಯಾರೇಜಿಗೆ ಒಯ್ಯಿರಿ. ಟಯರಿನ ಗೆರೆಗಳ ಆಳ ದ್ವಿಚಕ್ರಕ್ಕೆ 0.8 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ನಿಯಮ. ಅಷ್ಟರವರೆಗೆ ಕಾಯದೆ ಮಳೆಗಾಲಕ್ಕೆ ಮುನ್ನವೇ ಬದಲಿಸುವುದು ಜಾಣತನ. ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ, ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲುಗಿಸಿರಿ. ‘ಟಕ್’ ಎಂದರೆ ಅಥವಾ ಹ್ಯಾಂಡಲು ತಿರುಗಿಸುವಾಗ ನಡುವೆ ಸಿಕ್ಕಿಕೊಂಡಂತಾದರೆ ಗ್ಯಾರೇಜಿನವರು ‘ಕೋನ್ ಸೆಟ್’ ಎನ್ನುವ ಭಾಗ ಹೋಗಿದೆಯೆಂದು ತಿಳಿಯಿರಿ. ಗುಂಡಿ ರಸ್ತೆಗಳ ಪೆಟ್ಟು ತಿನ್ನುವುದು ಅದೇ. ಚೌಕಟ್ಟಿನ ಮೇಲೆ ಕೊರೆದ ಚಾಸಿ ನಂಬರಿಗೆ ತುಕ್ಕು ಹಿಡಿಯದಂತೆ ಆಗಾಗ ಎಣ್ಣೆಬಟ್ಟೆಯಿಂದ ಒರೆಸಿರಿ. ನವೀಕರಣದ ದಿನ ಆ ಅಂಕಿಗಳನ್ನು ಓದಲಾಗದಿದ್ದರೆ ಇಂಜಿನ್ ಎಷ್ಟು ಚೆನ್ನಾಗಿದ್ದರೂ ತೊಡಕಾಗುತ್ತದೆ.

ಕೆ.ಎ. ಫಲಕದ ಬಾಂಧವರಿಗೆ ಇನ್ನೊಂದು ಮಾತು. ಬೇರೆ ರಾಜ್ಯದಲ್ಲಿ ವಾಹನವನ್ನು 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿಯ ನಂಬರು ಪಡೆಯಬೇಕೆಂದು ಕಾಯಿದೆ ಹೇಳುತ್ತದೆ. ಅದಕ್ಕೆ ಊರಿನ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ರಜೆಗೆ ಊರಿಗೆ ಹೋದಾಗಲೇ ಈ ಕೆಲಸ ಮುಗಿಸಿಕೊಂಡರೆ ಕ್ಷೇಮ. ಊರಿನ ಫಲಕವನ್ನು ಬಿಚ್ಚುವಾಗ ಮನಸ್ಸಿಗೆ ಕಸಿವಿಸಿಯಾಗುವುದು ಸಹಜ. ಆದರೆ ಕನ್ನಡ ನಮ್ಮ ನಾಲಗೆಯ ಮೇಲಿರುವವರೆಗೆ ತಗಡಿನ ಮೇಲಿಲ್ಲದಿದ್ದರೂ ನಷ್ಟವಿಲ್ಲ.

ಇಷ್ಟಕ್ಕೂ ವಾರ್ಷಿಕ ಪರೀಕ್ಷೆ ನಮಗೆ ಹೊಸದೇನಲ್ಲ. ಮಹಾನವಮಿಯ ದಿನ ಆಯುಧಪೂಜೆಗೆಂದು ವಾಹನವನ್ನು ತೊಳೆದು, ಒರೆಸಿ, ಸೇವಂತಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಡುವ ಸಂಪ್ರದಾಯ ಪರಸ್ಥಳದಲ್ಲಿಯೂ ನಮ್ಮ ಮನೆಗಳಲ್ಲಿ ಉಳಿದಿದೆ. ಮರುದಿನ ದಸರೆಗೆ ನೆರೆಮನೆಯ ಮರಾಠಿ ಬಂಧುಗಳು ತಮ್ಮ ವಾಹನಕ್ಕೆ ಝೆಂಡೂ ಹೂವಿನ ತೋರಣ ಕಟ್ಟುತ್ತಾರೆ. ಮಳೆಗಾಲದ ಪೆಟ್ಟುಗಳೆಲ್ಲ ಬಯಲಾಗುವ ಕಾಲವೂ ಅದೇ. ಹಾರ ಹಾಕುವುದಕ್ಕೆ ಮುಂಚೆ ದೀಪ, ಬ್ರೇಕು, ಟಯರು, ಕೋನ್ ಸೆಟ್ ಇವಿಷ್ಟನ್ನು ನೋಡಿಬಿಡಿರಿ. ಕುಂಕುಮ ಹಚ್ಚುವ ಕೈಗೆ ಒಂದಿಷ್ಟು ಗ್ರೀಸು ಹತ್ತಿದರೆ ಪೂಜೆಗೆ ಕೊರತೆಯಾಗದು.