ಬಿಡದ ಬ್ರೇಕು

ಕಳೆದ ವಾರ ಗದಗಿನಿಂದ ಅಸುಂಡಿಗೆ ಬರುವಾಗ ಹಿಂದೆ ಕೂತಿದ್ದ ಅವ್ವ, "ಏನೋ ಸುಟ್ಟ ವಾಸನಿ ಬರಾಕತ್ತೇತಲ್ಲೋ" ಅಂದಳು. ನಮ್ಮದು ಹಳೇ ಮಾರುತಿ ಝೆನ್. ಅವ್ವನ ಆಸ್ಪತ್ರೆ ಓಡಾಟಕ್ಕೆ ಇದೊಂದೇ ಗಾಡಿ. ಇಳಿದು ನೋಡಿದರೆ ಮುಂದಿನ ಎಡಗಡೆ ಗಾಲಿ ಹತ್ತಿರ ಕೈ ಒಯ್ಯಲಾಗದಷ್ಟು ಕಾವು, ಬಲಗಡೆಯದು ಬೆಚ್ಚಗಿತ್ತಷ್ಟೇ.

ಮೆಕ್ಯಾನಿಕ್ "ಕ್ಯಾಲಿಪರ್ ಹೋಗೇತ್ರಿ, ಹೊಸಾದು ಹಾಕೂಣು" ಅಂದ. ನನಗೆ ನಂಬಿಕೆ ಬರಲಿಲ್ಲ (ಜಿಪುಣ ಅನ್ನಿ ಬೇಕಾದರೆ!). ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಬ್ರೇಕ್ ಒಮ್ಮೆ ತುಳಿದು ಬಿಟ್ಟೆ. ಗಾಲಿ ತಿರುಗಲೊಲ್ಲದು. ಕ್ಯಾಲಿಪರ್ ಮೇಲಿನ ನಿಪ್ಪಲ್ ಸಡಿಲಿಸಿದೆ. ಎಣ್ಣೆ ಚಿರ್ರನೆ ಚಿಮ್ಮಿತು, ಗಾಲಿ ಸರಾಗ ತಿರುಗಿತು! ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಹಾಗೆ ಬಿಡುತ್ತಿರಲಿಲ್ಲ. ತೊಂದರೆ ಒಂದೇ ಗಾಲಿಯದಾದ್ದರಿಂದ ಮಾಸ್ಟರ್ ಸಿಲಿಂಡರ್ ಮೇಲೂ ಅನುಮಾನವಿರಲಿಲ್ಲ. ಉಳಿದದ್ದು ರಬ್ಬರ್ ಹೋಸ್. ಹೊರಗೆ ನೋಡಲು ಚೆಂದ, ಒಳಗೆ ಉಬ್ಬಿಕೊಂಡು ಎಣ್ಣೆಯನ್ನು ವಾಪಸ್ ಬಿಡುತ್ತಿರಲಿಲ್ಲ.

ಎರಡೂ ಕಡೆ ಹೊಸ ಹೋಸ್ ಹಾಕಿ, ಹೊಸ ಬ್ರೇಕ್ ಎಣ್ಣೆ ತುಂಬಿ, ತಮ್ಮನ ಕೈಲಿ ಪೆಡಲ್ ತುಳಿಸಿ ಗಾಳಿ ತೆಗೆದೆ.

ನಿನ್ನೆ ಗದಗಿಗೆ ಹೋಗಿ ಬಂದ ಮೇಲೆ ನೋಡಿದರೆ ಎರಡೂ ಗಾಲಿ ಒಂದೇ ಸಮ ಬೆಚ್ಚಗಿದ್ದವು. ಅವ್ವ ಮಾತ್ರ ದಾರಿಯುದ್ದಕ್ಕೂ ಮೂಗು ಅರಳಿಸಿಕೊಂಡೇ ಕೂತಿದ್ದಳು.