ಕಾಲೇಜಿನ ಹೆಬ್ಬಾಗಿಲು ಊರಿಗೂ ತೆರೆದಿರಲಿ

ಶ್ರಾವಣಮಾಸದ ಪ್ರವಚನಗಳು ಮಂಗಲಗೊಂಡು ದೀಪಾವಳಿ ಸಮೀಪಿಸಿತೆಂದರೆ ಕಾಲೇಜುಗಳ ಆಮಂತ್ರಣ ಪತ್ರಿಕೆಗಳು ಒಂದೊಂದಾಗಿ ನಮ್ಮ ಕೈ ಸೇರತೊಡಗುತ್ತವೆ. ಒಂದೆಡೆ ವಚನಸಾಹಿತ್ಯವನ್ನು ಕುರಿತ ದತ್ತಿ ಉಪನ್ಯಾಸ, ಮತ್ತೊಂದೆಡೆ ಹಿಂದುಸ್ತಾನಿ ಗಾಯನ, ಇನ್ನೊಂದೆಡೆ ವಿದ್ಯಾರ್ಥಿಗಳೇ ಅಭಿನಯಿಸುವ ನಾಟಕ. ಕಂಡು ಮನಸ್ಸು ಹಿಗ್ಗುತ್ತದೆ. ಆದರೆ ಪತ್ರಿಕೆಯನ್ನು ಪೂರ್ತಿ ಓದಿದ ಮೇಲೆ ಒಂದು ಸಂದೇಹ ಉಳಿಯುತ್ತದೆ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಉಪಸ್ಥಿತರು ಎಂದು ಹೆಸರುಗಳು ಪುಟ ತುಂಬಿರುತ್ತವೆ. ಹಾಡುವವರ ಹೆಸರನ್ನು ಕನ್ನಡಕ ಹಾಕಿಕೊಂಡು ಹುಡುಕಬೇಕು. ಊರಿನವರು ಬರಬಹುದೇ, ಬಾರದೇ ಎಂಬ ಮಾತಂತೂ ಎಲ್ಲಿಯೂ ಇರುವುದಿಲ್ಲ.

ಈ ಮಾತನ್ನು ನಾವು ಕೇಳಲು ಕಾರಣವಿದೆ. ನಾವು ಮಠದ ಪ್ರಸಾದನಿಲಯದಲ್ಲಿದ್ದು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರು. ಬೆಳಗಿನ ಜಾವ ಲಘುಕೌಮುದಿಯ ಸೂತ್ರಗಳ ಬಾಯಿಪಾಠ, ಮಧ್ಯಾಹ್ನ ತರ್ಕಸಂಗ್ರಹ. ಕಾಲೇಜಿನ ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ. ಆದರೂ 1970ರ ದಶಕದ ಕೊನೆಯ ಆ ವರ್ಷಗಳಲ್ಲಿ ಧಾರವಾಡದ ಯಾವ ಸಭಾಂಗಣದ ಬಾಗಿಲಲ್ಲಿಯೂ ನಮ್ಮನ್ನು ಯಾರೂ ತಡೆದವರಿಲ್ಲ. ಹಿರಿಯ ಹುಡುಗರು ‘ಇವತ್ತು ಸಂಜಿಗೆ ಭಾಷಣ ಐತಿ’ ಎಂದು ಸುದ್ದಿ ತಂದರೆ ಸಾಕು, ನಾಲ್ಕಾರು ಮಂದಿ ನಡೆದು ಹೊರಡುತ್ತಿದ್ದೆವು. ರಾತ್ರಿಯ ಪ್ರಸಾದದ ಗಂಟೆಯೊಳಗೆ ಹಿಂದಿರುಗಬೇಕೆಂಬುದೊಂದೇ ಅಜ್ಜನವರ ಕಟ್ಟಪ್ಪಣೆ. ಮೊದಲ ಸಲ ವಿಲಂಬಿತ ಖ್ಯಾಲ್ ಕೇಳಿದಾಗ ಏನೂ ತಿಳಿಯಲಿಲ್ಲ. ಎರಡನೆಯ ಸಲ ತಬಲದ ಸಮ್ ಎಲ್ಲಿ ಬೀಳುತ್ತದೆಂಬುದು ತಿಳಿಯಿತು. ನಾಲ್ಕಾರು ಸಲದ ಮೇಲೆ ರಾಗದ ಮುಖಪರಿಚಯವಾಯಿತು. ಕೇಳುವುದೂ ಒಂದು ವಿದ್ಯೆಯೆಂಬುದನ್ನು ನಾವು ಕಲಿತದ್ದು ಕಾಲೇಜಿನ ಸಭಾಂಗಣಗಳ ಹಿಂದಿನ ಸಾಲಿನಲ್ಲಿ, ಕಾಲೇಜಿನವರಲ್ಲದೆಯೇ.

ಧಾರವಾಡಕ್ಕೆ ಆ ಗುಣ ಸುಮ್ಮನೆ ಬಂದುದಲ್ಲ. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು, ಹಿಂದೆ ರೈಲ್ವೆ ಕಂಪನಿಯ ಕಚೇರಿಯಾಗಿದ್ದ ಕಟ್ಟಡದಲ್ಲಿ ನೆಲೆಗೊಂಡಿತು. ಇಂದಿಗೂ ಅದರ ಆವರಣದಲ್ಲಿರುವ ಸೃಜನಾ ರಂಗಮಂದಿರಕ್ಕೆ ಊರಿನವರು ತಮ್ಮ ಮನೆಯಂಗಳಕ್ಕೆ ಬಂದಂತೆ ಬರುತ್ತಾರೆ. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯವು ಗಂಗೂಬಾಯಿ ಹಾನಗಲ್ಲರನ್ನು ಸಂಗೀತದ ಗೌರವ ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು. ಪದವಿಯಿಲ್ಲದ ವಿದ್ಯೆಗೂ ಪೀಠವುಂಟೆಂದು ಆ ವಿಶ್ವವಿದ್ಯಾಲಯ ಒಪ್ಪಿಕೊಂಡ ಬಗೆಯದು. ಅದರ ಪ್ರಸಾರಾಂಗವು ವಿದ್ವಾಂಸರ ಭಾಷಣಗಳನ್ನು ‘ಉಪನ್ಯಾಸ ಗ್ರಂಥಮಾಲೆ’ ಎಂಬ ಕಿರುಹೊತ್ತಿಗೆಗಳಾಗಿ ಅಲ್ಪ ಬೆಲೆಗೆ ಒದಗಿಸಿತು. ಸಭೆಗೆ ಬರಲಾಗದ ರೈತನ ಮಗನಿಗೂ ಭಾಷಣ ತಲುಪಿತು. ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸಗಳ ಪರಂಪರೆ ಇದಕ್ಕೂ ಹಿಂದಿನದು. ಅಲ್ಲಿಯ ಅಧ್ಯಾಪಕರು ಊರೂರಿಗೆ ಹೋಗಿ, ಜನಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ವಿಜ್ಞಾನ, ಚರಿತ್ರೆ, ಸಾಹಿತ್ಯಗಳನ್ನು ಹೇಳಿಬಂದರು. ವಿಶ್ವವಿದ್ಯಾಲಯವೇ ಊರಿಗೆ ನಡೆದುಹೋದ ನಾಡಿನಲ್ಲಿ ಊರು ವಿಶ್ವವಿದ್ಯಾಲಯದೊಳಕ್ಕೆ ಬರಲು ಅಪ್ಪಣೆ ಬೇಡಬೇಕೆ?

ಬೇಡಬೇಕಾಗಿ ಬಂದಿದೆ. ಕಳೆದ ವರ್ಷ ನಮಗೆ ಪರಿಚಿತರಾದ ನಿವೃತ್ತ ಮಾಸ್ತರರೊಬ್ಬರು ಸಿತಾರ ವಾದನವಿದೆಯೆಂದು ಕೇಳಿ, ಎಂಟನೆಯ ಇಯತ್ತೆಯ ಮೊಮ್ಮಗಳನ್ನು ಕರೆದುಕೊಂಡು ಹದಿನೆಂಟು ಕಿಲೋಮೀಟರು ಬಸ್ಸಿನಲ್ಲಿ ಬಂದು ಒಂದು ಕಾಲೇಜಿನ ಬಾಗಿಲಲ್ಲಿ ನಿಂತರು. ‘ಐಡಿ ಕಾರ್ಡ್ ತೋರಸ್ರಿ’ ಎಂದ ಕಾವಲಿನವನು. ‘ನಾ ಹಾಡು ಕೇಳಾಕ ಬಂದೇನಪಾ, ಕಾರ್ಡ್ ಎಲ್ಲಿಂದ ತರ್ಲಿ’ ಎಂದರು ಮಾಸ್ತರರು. ಒಳಗೆ ಬಿಡಲಿಲ್ಲ. ಆ ಹುಡುಗಿ ಸಿತಾರವನ್ನು ಅಲ್ಲಿಯವರೆಗೆ ಚಿತ್ರದಲ್ಲಿ ಮಾತ್ರ ಕಂಡಿದ್ದಳು. ಕಾವಲಿನವನದು ತಪ್ಪೆಂದು ನಾವು ಹೇಳಲಾರೆವು; ಅವನಿಗೆ ಯಾರೂ ಏನೂ ತಿಳಿಸಿರಲಿಲ್ಲ. ಭದ್ರತೆಯ ಚಿಂತೆ ಪ್ರಾಂಶುಪಾಲರಿಗೆ ಇರಬೇಕಾದದ್ದೇ. ಹೆಣ್ಣುಮಕ್ಕಳ ಕಾಲೇಜುಗಳಲ್ಲಂತೂ ಇನ್ನೂ ಹೆಚ್ಚು. ಬಾಗಿಲಲ್ಲಿ ಒಂದು ಪುಸ್ತಕವಿಟ್ಟು ಹೆಸರು, ಊರು ಬರೆಯಿಸಿಕೊಂಡು ಒಳಬಿಟ್ಟರೆ ಆಗದೇ? ಮಠಗಳಲ್ಲಿ ಸಾವಿರಾರು ಮಂದಿಯನ್ನು ಪಂಕ್ತಿಗೆ ಕೂರಿಸುವ ನಮ್ಮ ಜನಕ್ಕೆ ಇದು ಹೊಸ ವಿದ್ಯೆಯೇನಲ್ಲ.

ಇನ್ನು ಒಳಗೆ ಕುಳಿತವರ ಕಥೆ. ಎಷ್ಟೋ ಕಡೆ ವಿದ್ಯಾರ್ಥಿಗಳನ್ನು ಹಾಜರಿಯ ಭಯದಿಂದ ಕೂರಿಸಿರುತ್ತಾರೆ. ಸ್ವಾಗತ, ಪುಷ್ಪಾರ್ಪಣೆ, ಶಾಲು, ಫಲತಾಂಬೂಲ, ನುಡಿ, ಹಿತನುಡಿ ಎಂದು ಒಂದೂವರೆ ಗಂಟೆ ಕಳೆದು, ಕಲಾವಿದರು ಶ್ರುತಿ ಕೂಡಿಸುವ ಹೊತ್ತಿಗೆ ಮಕ್ಕಳು ಮೊಬೈಲಿನಲ್ಲಿ ಮುಳುಗಿರುತ್ತಾರೆ. ಛಾಯಾಚಿತ್ರ ತೆಗೆದದ್ದಾಯಿತು, ವರದಿ ಕಡತಕ್ಕೆ ಸೇರಿತು. ಕಾಲೇಜುಗಳ ಗುಣಮಟ್ಟವನ್ನು ಅಳೆಯಲು 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆಗೆ ಇವೆಲ್ಲ ದಾಖಲೆ ಬೇಕೆಂದು ಅಧ್ಯಾಪಕ ಮಿತ್ರರು ಹೇಳುತ್ತಾರೆ. ಇರಬಹುದು. ಆದರೆ ಅದೇ ನ್ಯಾಕ್ ಪರಿಶೀಲಿಸುವ ಅಂಶಗಳಲ್ಲಿ ‘ವಿಸ್ತರಣಾ ಚಟುವಟಿಕೆ’, ಎಂದರೆ ಕಾಲೇಜು ಸಮಾಜವನ್ನು ಮುಟ್ಟಿದ್ದೆಷ್ಟು ಎಂಬುದೂ ಒಂದಾಗಿದೆ. ಹೊರಗೆ ನಿಂತ ಮಾಸ್ತರರೇ ಆ ಸಮಾಜ.

ಬೇರೆ ಬಗೆಯಲ್ಲಿ ನಡೆಸಿದವರೂ ಇದ್ದಾರೆ. ದೆಹಲಿಯ ಐಐಟಿಯ ಪ್ರಾಧ್ಯಾಪಕ ಕಿರಣ್ ಸೇಠ್ ಅವರು 1977ರಲ್ಲಿ ಸ್ಪಿಕ್ ಮೆಕೆ ಎಂಬ ಸಂಸ್ಥೆಯನ್ನು ಕಟ್ಟಿದರು. ದೊಡ್ಡ ದೊಡ್ಡ ಕಲಾವಿದರನ್ನು ಕಾಲೇಜುಗಳಿಗೇ ಕರೆದೊಯ್ಯುವುದು, ಟಿಕೇಟಿಲ್ಲದೆ ಕೇಳಿಸುವುದು, ಹಾಡುವ ಮುನ್ನ ಅವರಿಂದಲೇ ರಾಗವನ್ನೋ ಅಭಿನಯವನ್ನೋ ವಿವರಿಸಿ ಹೇಳಿಸುವುದು ಅದರ ಕ್ರಮ. ವ್ಯವಸ್ಥೆಯ ಭಾರವನ್ನು ಬಹುಪಾಲು ವಿದ್ಯಾರ್ಥಿಗಳೇ ಹೊರುತ್ತಾರೆ. ತಾನೇ ಚಾಪೆ ಹಾಸಿದ ಹುಡುಗ ಎದ್ದುಹೋಗುವುದಿಲ್ಲ ಎಂಬುದು ನಮ್ಮ ಅನುಭವ.

ನಮ್ಮ ನಾಡಿನದೇ ನಿದರ್ಶನವಾಗಿ ಸಾಣೇಹಳ್ಳಿಯಿದೆ. ಪಂಡಿತಾರಾಧ್ಯ ಶ್ರೀಗಳು 1997ರಲ್ಲಿ ಆರಂಭಿಸಿದ ಶಿವಸಂಚಾರ ತಂಡ ನಾಟಕಗಳನ್ನು ಹೊತ್ತು ನಾಡೆಲ್ಲ ತಿರುಗುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಶ್ರೀಗಳು ‘ಮತ್ತೆ ಕಲ್ಯಾಣ’ ಎಂದು ಜಿಲ್ಲೆ ಜಿಲ್ಲೆಗೆ ಹೋದಾಗ ಅನುಸರಿಸಿದ ಪದ್ಧತಿಯನ್ನು ನಾವು ಎಲ್ಲರಿಗೂ ಹೇಳುತ್ತಿರುತ್ತೇವೆ. ಹಗಲು ವಿದ್ಯಾರ್ಥಿಗಳೊಡನೆ ಸಂವಾದ. ಸಂಜೆ ಎಲ್ಲರಿಗೂ ತೆರೆದ ಸಭೆ, ಉಪನ್ಯಾಸ, ಕೊನೆಗೆ ನಾಟಕ. ಮಕ್ಕಳು ಕೇಳಲು ಕೂರುವುದಕ್ಕೆ ಮೊದಲು ಪ್ರಶ್ನಿಸಲು ಕುಳಿತರು. ಪ್ರಶ್ನೆ ಕೇಳಿದವನ ಕಿವಿ ಸಂಜೆಗೆ ತಾನಾಗಿಯೇ ತೆರೆದಿರುತ್ತದೆ.

ತಂದೆತಾಯಂದಿರಿಗೂ ಒಂದು ಮಾತು. ಮಗನು ‘ಇವತ್ತ ಕಾಲೇಜಿನ್ಯಾಗ ಉಪನ್ಯಾಸ ಐತಿ’ ಎಂದರೆ ‘ಪರೀಕ್ಷಾಕ್ಕ ಬರ್ತದೇನು?’ ಎಂದು ಕೇಳಬೇಡಿರಿ. ನಾವೂ ಬರಬಹುದೋ ಎಂದು ಕೇಳಿ ಬಾ ಎನ್ನಿರಿ. ಹತ್ತು ಮನೆಗಳವರು ಹಾಗೆ ಕೇಳಿದರೆ ಆಮಂತ್ರಣ ಪತ್ರಿಕೆಯಲ್ಲಿ ಒಂದು ಸಾಲು ಹೆಚ್ಚಾದೀತು.

ಬರುವ ತಿಂಗಳು ಒಂದು ಮಹಾವಿದ್ಯಾಲಯದವರು ಶರಣರ ಕಾಯಕ ವಿಚಾರವಾಗಿ ಉಪನ್ಯಾಸಕ್ಕೆ ನಮ್ಮನ್ನು ಕರೆದಿದ್ದಾರೆ. ಉಪನ್ಯಾಸದ ಮುನ್ನ ವಚನಗಾಯನವೂ ಇದೆ. ನಾವು ಎರಡು ಷರತ್ತು ಬರೆದೆವು: ಪತ್ರಿಕೆಯಲ್ಲಿ ‘ಊರಿನ ಸರ್ವರಿಗೂ ಉಚಿತ ಪ್ರವೇಶ’ ಎಂದು ಅಚ್ಚಾಗಬೇಕು, ಬಾಗಿಲಿನವನಿಗೆ ಹಿಂದಿನ ದಿನವೇ ತಿಳಿಸಿರಬೇಕು. ಪ್ರಾಂಶುಪಾಲರು ಎರಡನ್ನೂ ಒಪ್ಪಿದ್ದಾರೆ. ಸಮಯವನ್ನೂ ಹಳ್ಳಿಯ ಬಸ್ಸಿಗೆ ಅನುಕೂಲವಾಗುವಂತೆ ಸಂಜೆ ನಾಲ್ಕಕ್ಕೆ ಇಟ್ಟಿದ್ದಾರೆ. ಮಾಸ್ತರರಿಗೆ ಕಾರ್ಡು ಬರೆದಿದ್ದೇವೆ, ಮೊಮ್ಮಗಳನ್ನು ಕರೆತರಬೇಕೆಂದು.